ಕೆಲ್‌ಗೆಂದು ಎತ್ತಿದ ಬೆರಳು

ಟಾರಕ್ ಊರಿನ ಸುತ್ತಲಿನ ಜಲ್ಲಿ ರಸ್ತೆಗಳಲ್ಲಿ ಎದುರಿಗೆ ಬರುವ ಗಾಡಿ ಗುರುತಿನವರದಾದರೆ ಸ್ಟೀರಿಂಗ್ ಮೇಲಿಂದ ತೋರುಬೆರಳು ಎತ್ತಬೇಕು. ಕೈ ಬೀಸಿದರೆ ಪಟ್ಟಣದವರು ಎಂದು ಗೊತ್ತಾಗುತ್ತದೆ. ಹಾರ್ನ್ ಹೊಡೆದರೆ ಕುಡಿದಿದ್ದಾರೆ ಎಂದು. ಒಂದೇ ಬೆರಳು, ಉಳಿದವು ಹಿಡಿತ ಬಿಡಬಾರದು. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅಪ್ಪನ ಪಕ್ಕ ಕೂತ ಮಕ್ಕಳು ನೋಡಿ ಕಲಿಯುತ್ತಾರೆ. ಎತ್ತದೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಎತ್ತದೆ ಹೋದದ್ದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ವೆರ್ನಾಳ ಗಂಡ ಕೆಲ್ ಹೋಫ್‌ಮನ್ ಹೀಗೆ ಬೆರಳೆತ್ತುತ್ತಲೇ ಮುದುಕನಾದವನು. ಅವನ ಯೂಟ್ ಎಂಬ ಸಣ್ಣ ಸರಕು ಗಾಡಿ ಸಾಸಿವೆ ಹೂವಿನ ಹಳದಿ ಬಣ್ಣದ್ದು. ಎಡಗಡೆಯ ಬಾಗಿಲು ಮಾತ್ರ ಯಾವುದೋ ಬೇರೆ ಗಾಡಿಯಿಂದ ಕಿತ್ತು ತಂದ ಹಸಿರು. ಹಿಂದಿನ ತೆರೆದ ತೊಟ್ಟಿಯಲ್ಲಿ ಜೆಟ್ ಎಂಬ ಕರಿಯ ಕುರಿನಾಯಿ ನಾಲ್ಕು ಕಾಲೂರಿ ನಿಂತಿರುತ್ತಿತ್ತು. ಅರ್ಧ ಮೈಲಿ ದೂರದಲ್ಲಿ ಧೂಳೆದ್ದರೂ ಸಾಕು, ಬರುತ್ತಿರುವವನು ಕೆಲ್ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ವೆರ್ನಾಳದು ಬೇರೆ ಬಗೆಯ ಬೆರಳು. ಹದಿನೇಳನೇ ವಯಸ್ಸಿಗೆ ಅವಳು ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಳು. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ತೂತುಗಳ ಹಲಗೆಯ ಮುಂದೆ ಕೂತು, ಕೇಳಿದವರಿಗೆ ಕೇಳಿದ ಮನೆಯ ತಂತಿ ಚುಚ್ಚಿಕೊಡುವ ಕೆಲಸ. ಯಂತ್ರ ಬಂದು ಆ ಹಲಗೆಯನ್ನು ಕಿತ್ತು ಹಾಕುವವರೆಗೆ ಸುತ್ತಲಿನ ಮನೆಗಳೆಲ್ಲ ಅವಳ ಮೂಲಕವೇ ಒಂದನ್ನೊಂದು ಮಾತಾಡಿಸಿದವು. ಯಾರಿಗೆ ಯಾರೊಡನೆ ಮಾತು ನಿಂತಿದೆ ಎಂಬುದು ಪಾದ್ರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಅದರಲ್ಲಿ ಒಂದು ಮಾತೂ ಅವಳ ಬಾಯಿಂದ ಹೊರಬಿದ್ದದ್ದಿಲ್ಲ. ತಂತಿ ಜೋಡಿಸಬೇಕು, ಮಧ್ಯೆ ಬಾಯಿ ಹಾಕಬಾರದು. ತಪ್ಪು ತೂತಿಗೆ ಚುಚ್ಚಿದರೆ ಆ ಕ್ಷಣವೇ ಕಿತ್ತು ಕ್ಷಮೆ ಕೇಳಬೇಕು. ಎಕ್ಸ್‌ಚೇಂಜ್ ಮುಚ್ಚಿದ ಮೇಲೂ ಅವಳು ಬದುಕಿದ್ದು ಹೆಚ್ಚುಕಡಿಮೆ ಈ ಎರಡು ನಿಯಮಗಳ ಮೇಲೆಯೇ. ಮಕ್ಕಳಾಗಲಿಲ್ಲ, ಅದರ ಬಗ್ಗೆ ಅವಳು ಮಾತಾಡಿದವಳಲ್ಲ.

ಎಪ್ಪತ್ತು ದಾಟಿದ ಮೇಲೆ ಅವಳ ನೋಟದ ನಡುಭಾಗ ಹೋಯಿತು. ನೇರ ನೋಡಿದರೆ ಎದುರಿನವರ ಮುಖ ಇರಬೇಕಾದಲ್ಲಿ ಬೂದು ಮಚ್ಚೆಯೊಂದು ಕಾಣುತ್ತಿತ್ತು, ಅಂಚುಗಳು ಮಾತ್ರ ಸ್ಪಷ್ಟವಾಗಿದ್ದವು. ಯಾರನ್ನಾದರೂ ನೋಡಬೇಕಾದರೆ ಮುಖ ತಿರುಗಿಸಿಕೊಂಡು ಓರೆಗಣ್ಣಿನಿಂದ ನೋಡಬೇಕು. ಗೊತ್ತಿಲ್ಲದವರು ಅದನ್ನು ಸೊಕ್ಕು ಎಂದುಕೊಂಡರು. ಅಂದುಕೊಂಡವರಿಗೆ ಅವಳು ಕಾರಣ ಹೇಳಲು ಹೋಗಲಿಲ್ಲ.

ಬರ್ಮಾದ ಗಡಿಯ ನಿರಾಶ್ರಿತರ ಶಿಬಿರಗಳಿಂದ ಕರೆನ್ ಜನ ಟಾರಕ್‌ಗೆ ಬಂದದ್ದು ಆ ಹೊತ್ತಿಗೇ. ಊರ ಹೊರಗಿನ ಬಾತುಕೋಳಿ ಮಾಂಸದ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಊರಿನವರು ಕೆಟ್ಟವರಲ್ಲ. ಇವರು ಬಂದದ್ದರಿಂದ ಶಾಲೆ ಮುಚ್ಚದೆ ಉಳಿಯಿತು ಎಂದು ಎಲ್ಲರೂ ಒಪ್ಪುತ್ತಿದ್ದರು. ಒಪ್ಪಿಕೊಂಡು, ಅಂಗಡಿಯಲ್ಲಿ ಇವರ ತಲೆಯ ಮೇಲಿಂದ ಹಿಂದೆ ನಿಂತವರನ್ನು ಏನು ಬೇಕು ಎಂದು ಕೇಳುತ್ತಿದ್ದರು. ಆ ಜನ ಕೆರೆಯ ಕಾರ್ಪ್ ಮೀನು ಹಿಡಿದು ತಿನ್ನುತ್ತಾರೆ ಎಂಬುದು ಊರಿನ ದೊಡ್ಡ ನಗೆಯಾಗಿತ್ತು. ಊರಿನವರು ಕಾರ್ಪ್ ಸಿಕ್ಕರೆ ದಡಕ್ಕೆಸೆದು ಕೊಳೆಯಲು ಬಿಡುವವರು.

ಕೆಲ್‌ಗೆ ಲಾ ಸೇಯ ಪರಿಚಯವಾದದ್ದು ಆ ಕೆರೆಯ ದಡದಲ್ಲೇ. ಕೆಲ್ ಎಸೆದ ಕಾರ್ಪನ್ನು ಆಚೆ ಬದಿಯಲ್ಲಿ ಕೂತಿದ್ದ ನಲವತ್ತರ ಆಸುಪಾಸಿನ ಗಿಡ್ಡ ಕರೆನ್ ಮನುಷ್ಯ ಬಂದು, ತೆಗೆದುಕೊಳ್ಳಬಹುದೇ ಎಂದು ಸನ್ನೆಯಲ್ಲಿ ಕೇಳಿದ. ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೆ ಗಾಳ ಹಾಕುವುದು ರೂಢಿಯಾಯಿತು. ಇಬ್ಬರಿಗೂ ಮಾತು ಕಡಿಮೆ, ಭಾಷೆ ಬರದಿದ್ದದ್ದು ತೊಡಕಾಗಲಿಲ್ಲ. ಲಾ ಸೇಗೆ ಗಾಡಿ ಓಡಿಸಲು ಕಲಿಸಿದವನೂ ಕೆಲ್‌ನೇ, ಆ ಹಳದಿ ಯೂಟಿನಲ್ಲಿ. ಗೇರು, ಬ್ರೇಕುಗಳ ಜೊತೆಗೆ ಬೆರಳೆತ್ತುವುದನ್ನೂ ಕಲಿಸಿದ. ಪೂರ್ತಿ ಕೈ ಎತ್ತಬೇಡ, ಜನ ಹೆದರುತ್ತಾರೆ ಎಂದು ಹೇಳಿದ್ದನಂತೆ.

ಮಾರ್ಚ್ ತಿಂಗಳಲ್ಲಿ ಕೆಲ್‌ನ ಎದೆಬಡಿತ ನಿಂತಿತು. ಯೂಟ್ ಲಾ ಸೇಗೆ ಹೋಗಲಿ ಎಂದು ಅವನು ಮೊದಲೇ ಹೇಳಿದ್ದ. ವೆರ್ನಾ ಕೀಲಿ ತೆಗೆದುಕೊಟ್ಟಳು. ನಾಯಿಯನ್ನು ಕೊಡುವ ಯೋಚನೆ ಇರಲಿಲ್ಲ. ಆದರೆ ಜೆಟ್ ತೊಟ್ಟಿಯಿಂದ ಇಳಿಯಲಿಲ್ಲ. ಕರೆದರೂ ಇಳಿಯಲಿಲ್ಲ, ಮಾಂಸ ತೋರಿಸಿದರೂ ಇಳಿಯಲಿಲ್ಲ. ಕೊನೆಗೆ ಅದನ್ನೂ ಕರೆದುಕೊಂಡು ಹೋಗು ಎಂದಳು. ಪ್ರತಿ ಗುರುವಾರ ಕೆಲ್ ಅವಳನ್ನು ಊರಿಗೆ ಕರೆದೊಯ್ಯುತ್ತಿದ್ದ. ಕೆಲ್ ಹೋದ ಮುಂದಿನ ಗುರುವಾರ ಅದೇ ಹೊತ್ತಿಗೆ ಅದೇ ಇಂಜಿನ್ನಿನ ಸದ್ದು ಗೇಟಿನ ಬಳಿ ಬಂದು ನಿಂತಿತು. ಲಾ ಸೇ ಇಳಿದು ಹಸಿರು ಬಾಗಿಲು ತೆರೆದು ಹಿಡಿದ. ಅವರಿಬ್ಬರ ನಡುವೆ ಈ ಬಗ್ಗೆ ಒಂದು ಮಾತೂ ಆಗಿರಲಿಲ್ಲ. ಅವನು ಅವಳನ್ನು ಮೂಘಾ ಎಂದು ಕರೆಯುತ್ತಿದ್ದ. ಅವರಲ್ಲಿ ದೊಡ್ಡಮ್ಮನನ್ನು ಹಾಗೆ ಕರೆಯುವುದಂತೆ. ಹೆಸರು ಹಿಡಿದು ಕರೆಯಪ್ಪ ಎಂದು ಅವಳು ಎರಡು ಸಲ ಹೇಳಿ ಸುಮ್ಮನಾದಳು.

ಆ ಪ್ರಯಾಣಗಳಲ್ಲಿ ವೆರ್ನಾ ಮುಂದೆ ನೋಡುತ್ತ ಕೂತರೆ, ಕಣ್ಣಿನ ಅಂಚಿನಲ್ಲಿ ಸ್ಟೀರಿಂಗ್ ಮೇಲಿನ ಅವನ ಬೆರಳು ಏಳುವುದು ಕಾಣುತ್ತಿತ್ತು. ಒಂದು ಗಾಡಿ ಸರಿದುಹೋದ ಸದ್ದು, ಒಂದು ಬೆರಳು. ಇನ್ನೊಂದು ಗಾಡಿ, ಇನ್ನೊಂದು ಬೆರಳು. ಎಲ್ಲರೂ ನನ್ನನ್ನು ಮಾತಾಡಿಸುತ್ತಾರೆ, ಮೂಘಾ, ಎಂದು ಅವನು ಒಂದು ದಿನ ಹೇಳಿದ. ಊರು ಕೊನೆಗೂ ಸರಿದಾರಿಗೆ ಬಂದಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಆ ಸಮಾಧಾನವನ್ನು ಕೆಡಿಸಿದವನು ಕ್ಲೆಮ್. ಕೆಲ್‌ನ ಬಾಲ್ಯದ ಗೆಳೆಯ, ಪಕ್ಕದ ಹೊಲದವನು, ಆ ಯೂಟನ್ನು ಕೆಲ್ ಜೊತೆ ಮೂವತ್ತು ವರ್ಷ ಬಿಚ್ಚಿ ಜೋಡಿಸಿದವನು. ಭಾನುವಾರಗಳಲ್ಲಿ ಮೊಟ್ಟೆ ತಂದುಕೊಟ್ಟು ಚಹಾ ಕುಡಿದು ಹೋಗುತ್ತಿದ್ದ.

"ಆ ಗಾಡಿ ಕೊಟ್ಟಿದ್ದು ತಪ್ಪಾಯ್ತು, ವೆರ್ನಾ," ಎಂದ ಒಂದು ಭಾನುವಾರ.

"ಯಾಕೆ, ನಿಂಗೆ ಬೇಕಿತ್ತಾ?"

"ನಂಗ್ಯಾಕೆ? ನಂದೇ ಮೂರು ಶೆಡ್ಡಲ್ಲಿ ತುಕ್ಕು ಹಿಡೀತಿವೆ. ದೂರದಿಂದ ಅದು ಬರ್ತಿದ್ರೆ ಬೆರಳು ತಾನಾಗೇ ಎದ್ಬಿಡುತ್ತೆ ಕಣೆ. ನಾಯಿ ಬೇರೆ ಹಿಂದೆ. ಹತ್ರ ಬಂದ್ಮೇಲೆ ನೋಡಿದ್ರೆ ಅವ್ನು ಕೂತಿರ್ತಾನೆ. ನಾನೊಬ್ನೇ ಅಲ್ಲ, ಎಲ್ರಿಗೂ ಅದೇ ಕಥೆ. ಎತ್ತಿದ್ ಬೆರಳನ್ನ ಎಲ್ಲಿ ಇಟ್ಕೊಳ್ಳೋದು ಅಂತ ಗೊತ್ತಾಗದೆ ಕಿವಿ ಕೆರ್ಕೊಂಡ್ ಬರ್ತೀನಿ."

"ಎತ್ತಿದ್ರೆ ಎತ್ತು. ಬೆರಳೇನ್ ಸವೆದು ಹೋಗುತ್ತಾ?"

"ಅವ್ನೂ ಎತ್ತುತಾನೆ," ಎಂದ ಕ್ಲೆಮ್. ಚಹಾದ ಕಪ್ಪನ್ನು ಕೆಳಗಿಟ್ಟ. "ಥೇಟ್ ಕೆಲ್ ಥರಾನೇ. ಅದನ್ನ ನಂಗೆ ನೋಡೋಕಾಗಲ್ಲ."

ಅವನು ಹೋದ ಮೇಲೆ ವೆರ್ನಾ ಕಪ್ಪು ತೊಳೆಯದೆ ಬಹಳ ಹೊತ್ತು ಕೂತಿದ್ದಳು. ಹಾಗಾದರೆ ಆ ಬೆರಳುಗಳೆಲ್ಲ ಕೆಲ್‌ಗೆ ಬಂದವು. ಸತ್ತವನಿಗೆ ಬಂದ ಕರೆ ತಪ್ಪಿ ಇನ್ನೊಬ್ಬನ ಮನೆಗೆ ಹೋಗುತ್ತಿತ್ತು, ಆ ಇನ್ನೊಬ್ಬ ಅದನ್ನು ತನ್ನದೇ ಎಂದು ನಂಬಿಕೊಂಡಿದ್ದ.

ವಿಷಯ ಅಷ್ಟಕ್ಕೇ ನಿಂತಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಗೋಧಿ ಬಲಿಯುವ ಹೊತ್ತಿಗೆ ಲಾ ಸೇ ಇನ್ನೊಂದು ಸುದ್ದಿ ಹೇಳಿದ. ಅವನ ಹೆಂಡತಿ ಮೂ ಪೋಳ ಅಣ್ಣ ದೂರದ ಬೆಂಡಿಗೋ ಪಟ್ಟಣದಲ್ಲಿದ್ದ. ಅಲ್ಲಿ ಅವರ ಜನ ಹೆಚ್ಚು, ಅವರದೇ ಚರ್ಚು, ಕೆಲಸವೂ ಇದೆ, ಬಂದುಬಿಡಿ ಎಂದು ಕರೆಯುತ್ತಿದ್ದ. ಮೂ ಪೋಗೆ ಹೋಗಬೇಕೆಂದು ಆಸೆ. ಇಲ್ಲಿ ನಮ್ಮನ್ನು ಯಾರೂ ಬಲ್ಲವರಿಲ್ಲ ಎಂದು ಅವಳ ವಾದ. ರಸ್ತೆಯಲ್ಲಿ ಎಲ್ಲರೂ ಮಾತಾಡಿಸುತ್ತಾರಲ್ಲ ಎಂದು ಇವನ ವಾದ. ಹೊಸ ವರ್ಷದಲ್ಲಿ ಶಾಲೆ ತೆರೆಯುವುದರೊಳಗೆ ಯಾವುದಾದರೂ ಒಂದು ತೀರ್ಮಾನವಾಗಬೇಕಿತ್ತು. ಇದರ ನಡುವೆ ಯೂಟಿನ ಆಯುಸ್ಸೂ ಮುಗಿದಿತ್ತು. ತಳವೆಲ್ಲ ತುಕ್ಕು ಹಿಡಿದಿದೆ, ಡಿಸೆಂಬರ್ ದಾಟಿದರೆ ರಸ್ತೆಗಿಳಿಸುವಂತಿಲ್ಲ ಎಂದು ಗ್ಯಾರೇಜಿನವನು ಹೇಳಿದ್ದ. ಮೂ ಪೋಳ ಅಣ್ಣ ತನ್ನ ಹಳೆಯ ಬಿಳಿ ಕಾರನ್ನು ಕೊಡುತ್ತಾನಂತೆ.

ಬಿಳಿ ಕಾರು. ಊರಿಗೆಲ್ಲ ಇರುವಂಥದು, ಯಾರದೂ ಅಲ್ಲದಂಥದು. ಅದರಲ್ಲಿ ಕೂತ ಮೊದಲ ದಿನವೇ ಒಂದು ಬೆರಳೂ ಏಳುವುದಿಲ್ಲ ಎಂದು ವೆರ್ನಾಗೆ ಖಚಿತವಾಗಿತ್ತು. ಅಷ್ಟರಲ್ಲಿ ಅವನು ಇಲ್ಲೇ ಇರುತ್ತೇವೆ ಎಂದು ಹೆಂಡತಿಯನ್ನು ಒಪ್ಪಿಸಿ, ಅಣ್ಣನ ಮಾತನ್ನು ಮುರಿದಿರುತ್ತಾನೆ. ಯಾವುದರ ಮೇಲೆ? ಒಂದು ಬಣ್ಣಗೆಟ್ಟ ಗಾಡಿಯ ಮೇಲೆ. ತಪ್ಪು ತೂತಿಗೆ ಚುಚ್ಚಿದ್ದಾಗಿದೆ, ಕಿತ್ತು ಕ್ಷಮೆ ಕೇಳಬೇಕು. ನಿಯಮ ಸ್ಪಷ್ಟವಾಗಿತ್ತು. ಆದರೆ ಕಿತ್ತರೆ ಅವನು ಬೆಂಡಿಗೋಗೆ ಹೋಗುತ್ತಾನೆ, ಅವನು ಹೋಗುವುದು ಅವಳಿಗೆ ಬೇಕಿರಲಿಲ್ಲ. ಗುರುವಾರದ ಸವಾರಿ ತಪ್ಪುತ್ತದೆಂದಲ್ಲ. ಕೇಳಿದರೆ ಕ್ಲೆಮ್ ಕರೆದೊಯ್ಯುತ್ತಿದ್ದ, ದಾರಿಯುದ್ದಕ್ಕೂ ಗೊಣಗುತ್ತ. ಲಾ ಸೇ ಪಕ್ಕದಲ್ಲಿದ್ದರೆ ಅವಳು ಓರೆಗಣ್ಣಿನಿಂದ ನೋಡಬೇಕಾಗಿರಲಿಲ್ಲ, ನೋಡದಿದ್ದರೂ ನಡೆಯುತ್ತಿತ್ತು. ಕೆಲ್ ನಂತರ ಹಾಗಿದ್ದವನು ಅವನೊಬ್ಬನೇ.

ಎಕ್ಸ್‌ಚೇಂಜಿನಲ್ಲಿದ್ದಾಗ ಒಮ್ಮೆ ಹೀಗೆ ತಪ್ಪಿ ಜೋಡಿಸಿದ್ದನ್ನು ಅವಳು ತಕ್ಷಣ ಕಿತ್ತಾಗ, ಆ ಕಡೆಯ ಹೆಂಗಸು ಸಿಡುಕಿದ್ದಳು: "ಯಾಕೆ ಕಿತ್ತೆ? ಯಾರೋ ಏನೋ, ಚೆನ್ನಾಗ್ ಮಾತಾಡ್ತಿದ್ಲು." ಆಗ ವೆರ್ನಾ ಅದನ್ನು ಮೂರ್ಖತನ ಎಂದುಕೊಂಡಿದ್ದಳು. ಈಗ ಅದು ಪದೇ ಪದೇ ನೆನಪಾಗತೊಡಗಿತು.

ಮುಂದಿನ ಭಾನುವಾರ ಅವಳು ಕ್ಲೆಮ್‌ನನ್ನು ಕೇಳಿಯೇ ಬಿಟ್ಟಳು. ಬೇಡುವುದು ಅವಳ ಸ್ವಭಾವವಲ್ಲ. ಕೇಳಿದ್ದು ಗದರಿಸಿದ ಹಾಗೇ ಇತ್ತು. ಇನ್ನು ಮುಂದೆ ಲಾ ಸೇ ಬಿಳಿ ಕಾರಿನಲ್ಲಿ ಬರುತ್ತಾನೆ, ನೀನು ಬೆರಳೆತ್ತಬೇಕು, ನೀನು ಎತ್ತಿದರೆ ಉಳಿದವರೂ ಎತ್ತುತ್ತಾರೆ ಎಂದಳು.

"ಕಾರ್ಪ್ ತಿನ್ನೋನಿಗೆ ನಾನ್ಯಾಕೆ ಎತ್ಲಿ? ಅದ್ರಲ್ಲಿ ಕೆಲ್ ಇರಲ್ಲ."

"ಯೂಟಲ್ಲೂ ಇರ್ಲಿಲ್ಲ, ಕ್ಲೆಮ್."

ಕ್ಲೆಮ್ ಎದ್ದು ಹೋದ. ಮೊಟ್ಟೆಯ ಬುಟ್ಟಿಯನ್ನು ಮರೆತು ಹೋದ.

ಯೂಟಿನ ಕೊನೆಯ ಗುರುವಾರ ಬಂತು. ಊರಿನಲ್ಲಿ ಸಾಮಾನು ಕೊಂಡು ಹಿಂದಿರುಗುವಾಗ ದಾರಿಯಲ್ಲಿ ಗೋಧಿ ಲಾರಿಗಳ ಸಾಲು. ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು. ಧಾನ್ಯದ ಕಣಜಗಳು ದಾಟಿದ ಮೇಲೆ ವೆರ್ನಾ ಗಾಡಿ ನಿಲ್ಲಿಸು ಎಂದಳು. ಅವನು ಬದಿಗೆ ಹಾಕಿದ. ಅವಳು ಮುಂದಿನ ಗಾಜನ್ನೇ ನೋಡುತ್ತ, ಸುತ್ತಿಬಳಸದೆ ಹೇಳಿದಳು. ಇವರು ಬೆರಳೆತ್ತುವುದು ನಿನಗಲ್ಲ. ದೂರದಿಂದ ಗಾಡಿ ನೋಡಿ, ನಾಯಿ ನೋಡಿ, ಕೆಲ್ ಎಂದುಕೊಂಡು ಎತ್ತುತ್ತಾರೆ. ಬಿಳಿ ಕಾರಿಗೆ ಎತ್ತುವುದಿಲ್ಲ. ಇದನ್ನು ತಿಳಿದುಕೊಂಡು ನೀನು ತೀರ್ಮಾನ ಮಾಡಬೇಕು. ಮೊದಲೇ ಹೇಳಬೇಕಿತ್ತು, ತಡವಾಯಿತು, ಕ್ಷಮಿಸು.

ಲಾ ಸೇ ಇಂಜಿನ್ ಆರಿಸಿದ. ಹಿಂದೆ ಜೆಟ್ ಒಮ್ಮೆ ಉಗುರು ಕೆರೆದು ಸುಮ್ಮನಾಯಿತು.

"ಗೊತ್ತು, ಮೂಘಾ."

"ಏನ್ ಗೊತ್ತು?"

"ಮೊದಲ್ನೇ ವಾರಾನೇ ಗೊತ್ತಾಯ್ತು. ನನ್ ಮುಖ ಕಂಡ ತಕ್ಷಣ ಬೆರಳು ಬಿದ್ ಹೋಗುತ್ತಲ್ಲ. ಕ್ಲೆಮ್ ಅವ್ರು ಕಿವಿ ಕೆರ್ಕೋತಾರೆ." ಅವನ ದನಿಯಲ್ಲಿ ನಗುವಿತ್ತು. ಆಮೇಲೆ ಅದು ಇರಲಿಲ್ಲ. "ಅವ್ರು ಕೆಲ್ ಅವ್ರನ್ನ ಮಾತಾಡಿಸ್ತಿದ್ರು. ಕೆಲ್ ಇಲ್ಲ. ಗಾಡಿ ನನ್ ಕೈಲಿದೆ. ಉತ್ತರ ಕೊಡ್ದೆ ಹೋದ್ರೆ ಕೆಲ್ ಮುಖ ತಿರುಗಿಸ್ಕೊಂಡ್ ಹೋದ್ರು ಅಂತ ಆಗುತ್ತೆ. ಅದಕ್ಕೇ ಅವ್ರ ಬದ್ಲು ನಾನು ಕೊಡ್ತಿದ್ದೆ."

ವೆರ್ನಾ ಕೈಚೀಲದಲ್ಲಿ ಕರವಸ್ತ್ರ ಹುಡುಕಿದಳು. ಸಿಗಲಿಲ್ಲ. ಎದುರಿನಿಂದ ಇನ್ನೊಂದು ಲಾರಿ ಬಂತು. ನಿಂತ ಗಾಡಿಯಲ್ಲಿ ಕೂತೇ ಅವನ ಬೆರಳು ಎದ್ದಿತು.

"ಮತ್ತೆ ನಿನ್ ಹೆಂಡ್ತಿಗೆ ಯಾಕೆ ಹಾಗಂದೆ? ಎಲ್ರೂ ಮಾತಾಡಿಸ್ತಾರೆ ಅಂತ?"

ಇಲ್ಲೇ ಇರೋಣ ಎನ್ನಲು ಬೇರೆ ನೆಪ ಸಿಗಲಿಲ್ಲ ಎಂದ. ಹೆಂಡತಿಗೂ ಅದು ಗೊತ್ತು, ಅವಳು ನಗುತ್ತಾಳೆ ಎಂದ. ಅವಳು ಹೋಗಬೇಕು ಎನ್ನುವುದು ರಸ್ತೆಗಾಗಿ ಅಲ್ಲ, ಎಂದ. ನಂತರ ಸ್ಟೀರಿಂಗ್ ಕಡೆ ನೋಡಿಕೊಂಡು, ಬಹಳ ಮೆಲ್ಲಗೆ ಹೇಳಿದ:

"ನಮ್ ಮನೇಗೆ ಯಾರೂ ಬರಲ್ಲ, ಮೂಘಾ. ನೀವೂ ಬರ್ಲಿಲ್ಲ."

ಅದು ದೂರಾಗಿರಲಿಲ್ಲ. ದೂರಾಗಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಪ್ರತಿ ಗುರುವಾರ ಹಿಂದಿರುಗುವಾಗ ಅವನು ತನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಸಾಮಾನು ಇಳಿಸಿ, ಒಂದಿಷ್ಟು ಹೊತ್ತು ಬಾಗಿಲ ಬಳಿ ನಿಂತು, ಆಮೇಲೆ ಅವಳನ್ನು ಮನೆಗೆ ಬಿಡುತ್ತಿದ್ದ. ಇಷ್ಟು ಹೊತ್ತು ಏನು ಮಾಡುತ್ತಾನೆ ಎಂದು ವೆರ್ನಾ ಯೋಚಿಸಿದ್ದುಂಟು. ಅವಳು ಗಾಡಿಯಲ್ಲೇ ನೆಟ್ಟಗೆ ಕೂತಿರುತ್ತಿದ್ದಳು. ಕರೆಯದ ಮನೆಗೆ ಹೋಗುವುದು ಅವಳು ಬೆಳೆದ ಕಡೆ ಅಸಭ್ಯತನ. ಅವನು ಒಮ್ಮೆಯೂ ಬನ್ನಿ ಎಂದಿರಲಿಲ್ಲ. ಅವರಿಗೆ ಏನೋ ಸಂಕೋಚ, ಮನೆ ಚಿಕ್ಕದಿರಬೇಕು ಎಂದು ಅವಳೇ ಒಂದು ಕಾರಣ ಹೊಂದಿಸಿಕೊಂಡು, ತಾನು ಸೂಕ್ಷ್ಮ ತಿಳಿದವಳು ಎಂದು ಒಳಗೊಳಗೇ ಮೆಚ್ಚಿಕೊಂಡಿದ್ದಳು. ಊರಿನವರ ಬೆರಳುಗಳ ಲೆಕ್ಕ ಹಾಕುತ್ತಿದ್ದವಳಿಗೆ ತನ್ನ ಕಾಲಿನ ನೆನಪೇ ಬಂದಿರಲಿಲ್ಲ.

"ನೀನು ಕರೀಲೇ ಇಲ್ವಲ್ಲೋ," ಎಂದಳು.

"ಕರೀಬೇಕಾ?" ಲಾ ಸೇಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಬಾಗ್ಲು ತೆಗೆದೇ ಇತ್ತು."

ಆ ದಿನ ಅವನು ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ವೆರ್ನಾ ಹಸಿರು ಬಾಗಿಲನ್ನು ತಾನೇ ತೆರೆದುಕೊಂಡು ಇಳಿದಳು. ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ ಕಾಲಿಗೆ ತಗಲಿತು. ತನ್ನ ಲೇಸಿನ ಬೂಟು ಬಿಚ್ಚಲು ಬಗ್ಗಿದಳು. ಗಂಟು ಕಾಣದು, ನೇರ ನೋಡಿದಷ್ಟೂ ಬೂದು ಮಚ್ಚೆ. ಒಳಗಿನಿಂದ ಬಂದ ಯಾರೋ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಂಟು ಬಿಚ್ಚಿ, ಹಿಮ್ಮಡಿ ಹಿಡಿದು ಒಂದೊಂದೇ ಬೂಟನ್ನು ಕಳಚಿದರು. ಕೈಗೆ ಮೀನಿನ ವಾಸನೆಯಿತ್ತು. ಮೂ ಪೋಳನ್ನು ವೆರ್ನಾ ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು, ಅದೂ ಕಣ್ಣಿನ ಅಂಚಿನಲ್ಲಿ ನೆತ್ತಿಯ ಬೈತಲೆಯಷ್ಟೇ.

"ಊಟ ಆಯ್ತಾ ಅಂತ ಕೇಳ್ತಿದಾಳೆ," ಎಂದ ಲಾ ಸೇ.

ಪರವಾಗಿಲ್ಲ, ಮನೆಗೆ ಹೋಗಿ ಮಾಡುತ್ತೇನೆ ಎನ್ನುವ ಮಾತು ವೆರ್ನಾಳ ನಾಲಿಗೆಯ ತುದಿಗೆ ಬಂದಿತ್ತು. ಜೀವಮಾನವೆಲ್ಲ ಹೇಳಿದ ಮಾತು.

"ಇಲ್ಲ," ಎಂದಳು.

ಅಡುಗೆಮನೆಯ ಒಂದೇ ಕುರ್ಚಿಯನ್ನು ಅವಳಿಗೆ ಎಳೆದು ಕೊಟ್ಟರು, ಉಳಿದವರು ಚಾಪೆಯ ಮೇಲೆ ಕೂತರು. ಅನ್ನ, ಹುಳಿ ಸೊಪ್ಪಿನ ಸಾರು, ಅದರಲ್ಲಿ ಮೀನು. ಇದು ಕಾರ್ಪೇ ತಾನೇ ಎಂದು ಅವಳು ಕೇಳಿದಳು. ಹೌದು ಎಂದರು. ಮುಳ್ಳು ಬಹಳ, ಕೆಸರಿನ ರುಚಿ ಇರಲಿಲ್ಲ. ಇದನ್ನು ಕ್ಲೆಮ್‌ಗೆ ಹೇಳಬೇಕು ಎಂದುಕೊಂಡಳು. ಮಾತು ಲಾ ಸೇಯ ಮೂಲಕವೇ ಈ ಕಡೆಯಿಂದ ಆ ಕಡೆಗೆ ಹೋಗಿ ಬಂತು. ಅವನು ತನ್ನದೇನನ್ನೂ ಸೇರಿಸದೆ ದಾಟಿಸುತ್ತಿದ್ದ. ಒಳ್ಳೆಯ ಆಪರೇಟರ್ ಆಗುತ್ತಿದ್ದ ಎಂದು ವೆರ್ನಾಗೆ ಅನ್ನಿಸಿತು. ಕರೆಯದೆ ಬರುವುದು ನಮ್ಮಲ್ಲಿ ರೂಢಿಯಿಲ್ಲ ಎಂದು ಅವಳು ಹೇಳಿ ಕಳಿಸಿದಳು. ಕರೆಯುವುದು ಹೊರಗಿನವರನ್ನು ಎಂದು ಮೂ ಪೋ ಹೇಳಿ ಕಳಿಸಿದಳು. ನೀವು ಪ್ರತಿ ವಾರ ಗಾಡಿಯಲ್ಲೇ ಕೂತಿರುವಾಗ ನಾನು ಒಂದು ತಟ್ಟೆ ಹೆಚ್ಚಿಗೆ ತೊಳೆದಿಡುತ್ತಿದ್ದೆ.

ವೆರ್ನಾ ತಟ್ಟೆಯನ್ನು ಮುಂದಕ್ಕೆ ಚಾಚಿ ಇನ್ನೂ ಸ್ವಲ್ಪ ಅನ್ನ ಕೇಳಿದಳು.

ಹೊರಡುವಾಗ ಲಾ ಸೇ ಹಿತ್ತಲು ತೋರಿಸಿದ. ಮೂ ಪೋ ಅಗೆದಿಟ್ಟ ಮಡಿಯೊಂದು ಖಾಲಿ ಬಿದ್ದಿತ್ತು. ಪುಂಡಿ ಸೊಪ್ಪಿನ ಬೀಜವಿದೆ, ಹೋಗುವವರು ಯಾಕೆ ಬಿತ್ತಬೇಕು ಎಂದು ಬಿಟ್ಟಿದ್ದಾಳೆ ಎಂದ. ಮಧ್ಯೆ ಬಾಯಿ ಹಾಕಬಾರದು ಎಂಬ ನಿಯಮವನ್ನು ವೆರ್ನಾ ಇನ್ನೂ ಬಿಟ್ಟಿರಲಿಲ್ಲ. ಆದರೆ ಭಾನುವಾರ ಕ್ಲೆಮ್ ಬುಟ್ಟಿಗಾಗಿ ಬಂದಾಗ ಅವಳು ಚಹಾ ಮಾಡಲಿಲ್ಲ. ನಾನು ಊಟಕ್ಕೆ ಹೋಗಬೇಕು, ಲಾ ಸೇಯ ಮನೆಯ ಹತ್ತಿರ ನನ್ನನ್ನು ಬಿಡು ಎಂದಳು. ಕರೆದಿದ್ದಾರಾ ಎಂದು ಅವನು ಕೇಳಿದ. ಇಲ್ಲ ಎಂದಳು. ಕ್ಲೆಮ್ ಅವಳನ್ನು ಅಲ್ಲಿಳಿಸಿ, ತಾನು ಇಳಿಯದೆ, ಗೇಟಿನ ಬಳಿ ನಿಂತಿದ್ದ ಹಳದಿ ಯೂಟನ್ನು ಗಾಡಿಯೊಳಗಿಂದಲೇ ಬಹಳ ಹೊತ್ತು ನೋಡಿ ಹೋದನಂತೆ. ಅದನ್ನು ಹೇಳಿದವಳು ಮೂ ಪೋ.

ಜನವರಿಯ ಮೊದಲ ಗುರುವಾರ ಬಿಳಿ ಕಾರು ಬಂತು. ಅದರ ಇಂಜಿನ್ನಿನ ಸದ್ದು ವೆರ್ನಾಗೆ ಗುರುತಿರಲಿಲ್ಲ. ತೊಟ್ಟಿ ಇಲ್ಲದ್ದರಿಂದ ಜೆಟ್ ಮುಂದಿನ ಸೀಟಿನ ಕೆಳಗೆ ಅವಳ ಕಾಲ ಬಳಿ ಮುದುಡಿ ಕೂತು, ಮೂತಿಯನ್ನು ಗಾಜಿನ ಮಟ್ಟಕ್ಕೆ ಚಾಚಿ, ಈ ಅವಮಾನಕ್ಕೆ ಅವಳೇ ಕಾರಣ ಎಂಬಂತೆ ನಿಟ್ಟುಸಿರು ಬಿಡುತ್ತಿತ್ತು. ಪುಂಡಿ ಮೊಳಕೆಯೊಡೆದಿದೆ ಎಂದು ಲಾ ಸೇ ಹೇಳಿದ. ಹೆಂಡತಿ ಅಣ್ಣನಿಗೆ ಫೋನ್ ಮಾಡಿ, ಈ ವರ್ಷ ಬರುವುದಿಲ್ಲ ಎಂದಿದ್ದಳು. ಮುಂದಿನ ವರ್ಷದ ಮಾತನ್ನು ಅವಳು ಆಡಿರಲಿಲ್ಲ, ಇವರೂ ಕೇಳಿರಲಿಲ್ಲ.

ಮೊದಲ ಗಾಡಿ ಸರಿದುಹೋಯಿತು. ಲಾ ಸೇಯ ಬೆರಳು ಎದ್ದು ಇಳಿದದ್ದು ಅವಳಿಗೆ ಕಂಡಿತು. ಆ ಕಡೆಯಿಂದ ಏನಾಯಿತು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಕಣಜಗಳ ಹತ್ತಿರ ಬಂದಾಗ ಎದುರಿನಿಂದ, ಸೈಲೆನ್ಸರ್ ಒಡೆದ ಗಾಡಿಯೊಂದರ ಸದ್ದು ಕೇಳಿತು. ಅದನ್ನು ಅವಳು ನಿದ್ದೆಯಲ್ಲೂ ಗುರುತಿಸುತ್ತಿದ್ದಳು.

"ಕ್ಲೆಮ್," ಎಂದಳು. "ಎತ್ತಿದ್ನಾ?"

"ಎತ್ತಿದ್ರು. ನಿಮ್ಗೋ, ನಾಯಿಗೋ, ನಂಗೋ ಗೊತ್ತಾಗ್ಲಿಲ್ಲ."

"ಕಿವಿ ಕೆರ್ಕೊಂಡ್ನಾ?"

ಲಾ ಸೇ ಕನ್ನಡಿಯಲ್ಲಿ ಹಿಂದೆ ನೋಡಿದ.

"ಇಲ್ಲ," ಎಂದ.